‘ಕರ್ವಾಲೊ’ ಓದಿದ ಹುಡುಗಿಗೆ ಯಾವ ಕಾಡು ತೋರಿಸುವುದು?

ಓದುಗರ ಪತ್ರದ ಸಾರ: ವಿದ್ಯಾರಣ್ಯಪುರದಿಂದ ತಾಯಿಯೊಬ್ಬರು ಬರೆದಿದ್ದಾರೆ. ಏಳನೇ ತರಗತಿಯಲ್ಲಿರುವ ಮಗಳು ದಸರಾ ರಜೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಓದಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲವಂತೆ. ಹಾರುವ ಓತಿ ನೋಡಬೇಕು, ಕಾಡಿಗೆ ಕರೆದುಕೊಂಡು ಹೋಗಿ ಎಂದು ಒಂದೇ ಹಟ. ಡಿಸೆಂಬರ್ ರಜೆಯಲ್ಲಿ ಜೀಪ್ ಸಫಾರಿಗೆ ಹೋಗಿಬಂದರು. ಮುಂದೆ ಮೂರು ಜೀಪು, ಧೂಳು, ದೂರದಲ್ಲಿ ಜಿಂಕೆ ಹಿಂಡು. ‘ಇದು ಪುಸ್ತಕದ ಕಾಡಲ್ಲ’ ಎಂದ ಮಗಳು ಮನೆ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ. ಈ ಹುಚ್ಚು ಉಳಿಯುತ್ತದೆಯೇ, ದುರ್ಬೀನು ಕೊಡಿಸಬೇಕೇ, ಎಲ್ಲಿಗೆ ಕರೆದೊಯ್ಯಬೇಕು, ಮನೆಯಲ್ಲಿ ಯಾರಿಗೂ ಹಕ್ಕಿ–ಗಿಡಗಳ ಪರಿಚಯವಿಲ್ಲ, ಏನು ಮಾಡುವುದು ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಮಗಳು ಹೇಳಿದ್ದು ಸರಿ. ಅದು ಪುಸ್ತಕದ ಕಾಡಲ್ಲ. ‘ಕರ್ವಾಲೊ’ದಲ್ಲಿ ಯಾರೂ ಹುಲಿ ನೋಡಲು ಹೋಗುವುದಿಲ್ಲ. ಜೇನಿನ ವಿಷಯದಿಂದ ಶುರುವಾಗುವ ಕತೆ, ಕಾಡಿನ ಒಳಹೊರಗು ಬಲ್ಲ ಹಳ್ಳಿಗ ಮಂದಣ್ಣನ ಬೆನ್ನು ಹಿಡಿದು ಗದ್ದೆ, ತೋಟ, ಕಾಡಂಚುಗಳಲ್ಲಿ ಸುತ್ತಾಡಿ, ಬಹಳ ತಡವಾಗಿ ಒಂದು ಓತಿಯ ಹತ್ತಿರ ಬರುತ್ತದೆ. ಆ ಓತಿಯೂ ಕೈಗೆ ಸಿಗದೆ ತೇಲಿ ಹೋಗುತ್ತದೆ. ಅಂಥ ಪುಸ್ತಕ ಓದಿದ ಮಗುವಿಗೆ ಹಿಡಿಸಿರುವುದು ಹುಡುಕಾಟ. ಸಫಾರಿಯಲ್ಲಿ ಹುಡುಕುವವನು ಚಾಲಕ, ದಾರಿ ಮೊದಲೇ ಗೊತ್ತು, ಇಳಿಯುವಂತಿಲ್ಲ, ನೆಲದ ಮೇಲೆ ಹರಿಯುವ ಯಾವುದೂ ಜೀಪಿನ ಎತ್ತರದಿಂದ ಕಾಣುವುದಿಲ್ಲ. ಎರಡು ಮೂರು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಅವಳಿಗೆ ಬೇಸರವಾಗಿದ್ದು ಅವಳು ಪುಸ್ತಕವನ್ನು ಚೆನ್ನಾಗಿ ಓದಿದ್ದಾಳೆ ಎಂಬುದಕ್ಕೆ ಗುರುತು.

ಹಾಗಾಗಿ ಕಾಡಿಗಿಂತ ಮೊದಲು ಅವಳಿಗೆ ಬೇಕಾಗಿರುವುದು ಕಾಲ್ನಡಿಗೆಯಲ್ಲಿ ಮತ್ತೆ ಮತ್ತೆ ಹೋಗಬಹುದಾದ ಒಂದು ಜಾಗ. ನಿಮ್ಮ ಮನೆಗೆ ದೊಡ್ಡಬೊಮ್ಮಸಂದ್ರ ಕೆರೆ ಹತ್ತಿರ. ಇಡೀ ಕೆರೆ ಸುತ್ತಬೇಡಿ. ಏರಿಯ ಮೇಲೆ ಇನ್ನೂರು ಮೀಟರಿನಷ್ಟು ಜಾಗ ಆರಿಸಿಕೊಳ್ಳಿ: ಒಂದಿಷ್ಟು ಜೊಂಡು, ಒಂದೆರಡು ದೊಡ್ಡ ಮರ, ಒಂದು ತುಂಡು ಒಣನೆಲ ಮೂರೂ ಅದರಲ್ಲಿ ಬರುವಂತೆ ನೋಡಿಕೊಳ್ಳಿ. ವಾರಕ್ಕೊಂದು ದಿನ, ಅದೇ ದಿನ, ಅದೇ ಹೊತ್ತಿಗೆ, ಒಂದು ವರ್ಷ ಹೋಗಿ. ಹೊಸ ಹೊಸ ಜಾಗ ತೋರಿಸಿದರೆ ಮಗು ಖುಷಿಪಡುತ್ತದೆ ಎಂದು ಹೆತ್ತವರು ಅಂದುಕೊಳ್ಳುತ್ತಾರೆ. ಆದರೆ ಹೊಸ ಜಾಗದಲ್ಲಿ ಎಲ್ಲವೂ ಹೊಸದಾದ್ದರಿಂದ ಏನು ಬದಲಾಗಿದೆ ಎಂದು ತಿಳಿಯುವುದಿಲ್ಲ. ಹಳೆಯ ಜಾಗದಲ್ಲಾದರೆ ಸೆಪ್ಟೆಂಬರ್ ಹೊತ್ತಿಗೆ ಒಂದು ಬೆಳಿಗ್ಗೆ ನೀರಂಚಿನಲ್ಲಿ ಬಾಲ ಕುಣಿಸುತ್ತ ಬೂದು ಸಿಪಿಲೆ ಓಡಾಡುವುದು ಕಂಡಾಗ, ಹೋದ ವಾರ ಇದು ಇಲ್ಲಿರಲಿಲ್ಲ ಎಂದು ಅವಳಿಗೇ ಹೊಳೆಯುತ್ತದೆ. ಹಿಮಾಲಯದ ಕಡೆಯಿಂದ ಬಂದ ಹಕ್ಕಿ ಅದು. ಬೇಸಿಗೆಯಲ್ಲಿ ಮತ್ತೆ ಕಾಣೆಯಾಗುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಹೊಂಗೆ ಎಲೆಯುದುರಿಸಿ ಎಳೆಹಸಿರು ಹೊದೆಯುತ್ತದೆ, ಮಳೆಗಾಲದಲ್ಲಿ ಗೀಜಗ ಗೂಡು ನೇಯುತ್ತದೆ. ಇದು ಒಂದು ಸುತ್ತು ಮುಗಿಯುವವರೆಗೆ ಕಾಯಬೇಕು. ಮೊದಲ ಎರಡು ತಿಂಗಳು ಏನೂ ನಡೆಯುತ್ತಿಲ್ಲ ಅನ್ನಿಸುವುದು ಸಹಜ. ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲೇ.

ಹೊತ್ತಿನ ಬಗ್ಗೆ ಒಂದು ಮಾತು. ಹಕ್ಕಿಗಳಿಗಾಗಿ ಹೋಗುವುದಾದರೆ ಆರೂವರೆಯಿಂದ ಎಂಟೂವರೆ. ರಾತ್ರಿ ಉಪವಾಸವಿದ್ದ ಹಕ್ಕಿಗಳು ಆಗ ಮೇಯುತ್ತವೆ, ಕೂಗುತ್ತವೆ. ಓತಿಗಳಿಗಾಗಿ ಹೋಗುವುದಾದರೆ ಅಷ್ಟು ಬೇಗ ಹೋಗಿ ಪ್ರಯೋಜನವಿಲ್ಲ. ಅವುಗಳ ಮೈ ಬಿಸಿಲಿನಿಂದಲೇ ಕಾಯಬೇಕು. ಒಂಬತ್ತರ ನಂತರ, ಬಿಸಿಲು ಬಿದ್ದ ಕಾಂಡ, ಬೇಲಿ, ಕಲ್ಲುಗಳ ಮೇಲೆ ನೋಡಬೇಕು. ಮೋಡ ಮುಚ್ಚಿದ ದಿನ ಒಂದೂ ಕಾಣದಿದ್ದರೆ ಅವು ಅಲ್ಲಿಲ್ಲ ಎಂದಲ್ಲ.

ಓತಿಯ ಮಾತು ಬಂದಿತಲ್ಲ, ಅವಳ ಹಟಕ್ಕೆ ಬೆಂಗಳೂರಿನಲ್ಲೇ ಅರ್ಧ ಉತ್ತರವಿದೆ. ನಮ್ಮ ಊರು ನಿಂತಿರುವುದು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಬಂಡೆಯ ಮೇಲೆ. ಲಾಲ್‌ಬಾಗ್‌ನ ಗುಡ್ಡ ಅದರ ತಲೆ. ಇಂಥ ಬೋಳು ಬಂಡೆಗಳ ಮೇಲೆ ಬಂಡೆ ಓತಿ ಎಂಬುದೊಂದು ಬಾಳುತ್ತದೆ. ಹೆಣ್ಣು ಮತ್ತು ಮರಿಗಳು ಕಲ್ಲಿನ ಬಣ್ಣದವು. ಗಂಡು ಮಾತ್ರ ಬೇಸಿಗೆಯ ಕೊನೆಗೆ ಶುರುವಾಗುವ ಬೆದೆಗಾಲದಲ್ಲಿ ಕೆಂಪು–ಕಪ್ಪು ಮೈಯಲ್ಲಿ ಬಂಡೆಯ ತುದಿಯಲ್ಲಿ ನಿಂತು ದಂಡ ಹೊಡೆಯುತ್ತದೆ. ಎದುರಾಳಿ ಬಂದರೆ, ಹೆಣ್ಣು ಬಂದರೆ, ಕೆಲವೇ ಸೆಕೆಂಡುಗಳಲ್ಲಿ ಬಣ್ಣ ಬದಲಿಸುತ್ತದೆ. ತುರಹಳ್ಳಿ, ರಾಮನಗರ, ಸಾವನದುರ್ಗ, ನಂದಿಯ ಕಡೆಯ ಬಂಡೆಗಳಲ್ಲಿ ಹುಡುಕಿ. ಜನ ಓಡಾಡುವ ಮೆಟ್ಟಿಲ ದಾರಿಯಲ್ಲಿ ಬೇಡ, ಬದಿಯ ಬಂಡೆಗಳನ್ನು ನೋಡಿ. ಕಂಡ ಕೂಡಲೇ ನೇರ ನಡೆದರೆ ಸಂದಿಗೆ ಜಾರುತ್ತದೆ. ಓರೆಯಾಗಿ ನಡೆಯಬೇಕು, ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಐದಾರು ಮೀಟರ್ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಬೇಕು. ಸಂದಿಗೆ ಹೋದದ್ದೂ ಹತ್ತು ಹದಿನೈದು ನಿಮಿಷದಲ್ಲಿ ಸಾಮಾನ್ಯವಾಗಿ ಅದೇ ಜಾಗಕ್ಕೆ ಮರಳುತ್ತದೆ. ಆ ಹದಿನೈದು ನಿಮಿಷ ಅಲುಗಾಡದೆ ಕೂರುವುದನ್ನು ಅವಳು ಕಲಿತರೆ ಮಲೆನಾಡಿನ ಓತಿ ನೋಡಲು ತಯಾರಾದಂತೆ.

ಈ ಬಂಡೆ ಬೆಟ್ಟಗಳಲ್ಲಿ ಒಂದು ಎಚ್ಚರಿಕೆ. ಕಡಿದಾದ ಮುಖಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕಪ್ಪು ಅರ್ಧಚಂದ್ರದಂತೆ ತೂಗುವ ಹುಟ್ಟು ಕಂಡರೆ ಅದರ ಕೆಳಗೆ ನಿಲ್ಲಬೇಡಿ. ಸೆಂಟು ಹಾಕಿಕೊಂಡು ಹೋಗಬೇಡಿ, ಕೂಗಬೇಡಿ, ಕಲ್ಲೆಸೆಯಬೇಡಿ, ಹೊಗೆ ಮಾಡಬೇಡಿ. ಎದ್ದರೆ ನಿಲ್ಲದೆ ಓಡಬೇಕು, ಮುಖ ಮುಚ್ಚಿಕೊಳ್ಳಬೇಕು. ಕೈಬೀಸಿದಷ್ಟೂ ಹೆಚ್ಚು ಕುಟುಕುತ್ತವೆ. ಹಾಗೆಯೇ, ಕಾಣದ ಸಂದಿಗೆ ಕೈ ಹಾಕುವುದು, ಕಲ್ಲು ಮಗುಚುವುದು ಹಾವಿನ ಕಾರಣದಿಂದ ಕೂಡದು.

ದುರ್ಬೀನು ಕೊಡಿಸಿ. ಆದರೆ ಕೆರೆಗೆ ಒಂದೆರಡು ತಿಂಗಳು ಬರಿಗಣ್ಣಲ್ಲಿ ಹೋದ ಮೇಲೆ. ಅಂಗಡಿಯಲ್ಲಿ 8×40 ಎಂದು ಬರೆದಿರುವುದರಲ್ಲಿ ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 40ಕ್ಕೆ 8 ಅಂದರೆ 5. ಇದು ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ. 8×21ರಂಥ ಜೇಬು ದುರ್ಬೀನಿನಲ್ಲಿ ಇದು 2.6ರಷ್ಟೇ ಆದ್ದರಿಂದ ಮುಂಜಾನೆ ಮಬ್ಬಾಗಿ ಕಾಣುತ್ತದೆ. ಹತ್ತು ಪಟ್ಟಿನದು ಮಕ್ಕಳ ಕೈಯಲ್ಲಿ ನಡುಗುತ್ತದೆ, ಕಾಣುವ ಹರವೂ ಕಿರಿದು, ಹಕ್ಕಿ ಸಿಗುವಷ್ಟರಲ್ಲಿ ಹಾರಿರುತ್ತದೆ. ಜೂಮ್ ಇರುವುದಂತೂ ಬೇಡವೇ ಬೇಡ. ಹನ್ನೆರಡು ವರ್ಷದವಳಿಗೆ 8×32 ಇನ್ನೂ ಒಳ್ಳೆಯದು, ಕತ್ತಿಗೆ ಭಾರವಾಗದು. ಕೊಳ್ಳುವಾಗ ಅವಳನ್ನೇ ಕರೆದೊಯ್ದು ಎರಡು ಸಂಗತಿ ಪರೀಕ್ಷಿಸಿ. ಒಂದು, ಎರಡೂ ಕಣ್ಣಲ್ಲಿ ನೋಡಿದಾಗ ಒಂದೇ ದುಂಡಗಿನ ನೋಟ ಕಾಣಬೇಕು. ಬಹಳಷ್ಟು ದುರ್ಬೀನುಗಳ ಕೊಳವೆಗಳು ಸುಮಾರು 56 ಮಿ.ಮೀ.ಗಿಂತ ಹತ್ತಿರ ಬರುವುದಿಲ್ಲ. ಮಗುವಿನ ಕಣ್ಣುಗಳ ನಡುವಿನ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಎರಡು ವೃತ್ತ ಕಂಡು ತಲೆನೋವು ಬರುತ್ತದೆ. ಎರಡು, ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗುತ್ತದೆ ನೋಡಿ. ಎರಡು ಮೂರು ಮೀಟರಿಗೆ ಫೋಕಸ್ ಆಗುವುದಾದರೆ ಚಿಟ್ಟೆ, ಓತಿಗಳಿಗೂ ಆಗುತ್ತದೆ.

ಮನೆಗೆ ತಂದ ಮೇಲೆ ಹೊಂದಿಸಬೇಕು. ದೂರದ ಒಂದು ಬೋರ್ಡು ನೋಡುತ್ತ ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಉಂಗುರವನ್ನಷ್ಟೇ ತಿರುಗಿಸಿ ಸ್ಪಷ್ಟ ಮಾಡಿ. ಆ ಉಂಗುರ ನಿಂತ ಜಾಗಕ್ಕೆ ಒಂದು ಗುರುತು ಹಾಕಿ. ಮುಂದೆ ನಡುವಿನ ಚಕ್ರವೊಂದೇ ಸಾಕು. ಇದನ್ನು ಮಾಡದೆಯೇ ‘ದುರ್ಬೀನು ಸರಿಯಿಲ್ಲ’ ಎನ್ನುವವರು ಬಹಳ. ಹಕ್ಕಿ ಕಂಡಾಗ ಕಣ್ಣನ್ನು ಹಕ್ಕಿಯಿಂದ ಕೀಳದೆ ದುರ್ಬೀನನ್ನು ಕಣ್ಣಿಗೆ ಎತ್ತಬೇಕು. ದುರ್ಬೀನಿನಲ್ಲಿ ಹಕ್ಕಿಯನ್ನು ಹುಡುಕಬಾರದು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಟ್ಟರೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ದುರ್ಬೀನಿಗಿಂತ ನಾವು ಹೆಚ್ಚು ಒತ್ತಾಯ ಮಾಡುವುದು ನೋಟ್‌ಬುಕ್ಕಿಗೆ. ಜೇಬಿಗೆ ಹಿಡಿಸುವ, ಗಟ್ಟಿ ರಟ್ಟಿನ ಪುಸ್ತಕ, ಒಂದು ಪೆನ್ಸಿಲು. ಪೆನ್ನಿನ ಶಾಯಿ ಒಂದು ಹನಿ ಮಳೆಗೆ ಕದಡುತ್ತದೆ. ದಿನಾಂಕ, ಹೊತ್ತು, ಮೋಡವೋ ಬಿಸಿಲೋ, ಯಾವ ಮರ, ಎಷ್ಟು, ಏನು ಮಾಡುತ್ತಿತ್ತು ಎಂದು ಅಲ್ಲೇ ನಿಂತು ಬರೆಯಬೇಕು. ಮನೆಗೆ ಬಂದು ಬರೆದರೆ ನೆನಪು ಪುಸ್ತಕದ ಚಿತ್ರದ ಬಣ್ಣವನ್ನು ಹಕ್ಕಿಗೆ ಬಳಿದುಬಿಟ್ಟಿರುತ್ತದೆ. ಹೆಸರನ್ನು ಕೊನೆಗೆ ಬರೆಯಲಿ. ಮೊದಲು ಗಾತ್ರ (ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ), ಕೊಕ್ಕು ತಲೆಗಿಂತ ಉದ್ದವೇ ಗಿಡ್ಡವೇ, ಹುಬ್ಬಿನ ಪಟ್ಟಿ ಇದೆಯೇ, ಬಾಲ ಮೇಲಕ್ಕೋ ಕೆಳಕ್ಕೋ. ಚಿತ್ರ ಸೊಟ್ಟಗಿರಲಿ, ಬಾಣ ಹಾಕಿ ಬಣ್ಣದ ಹೆಸರು ಬರೆದರೆ ಸಾಕು. ‘ಕಾಜಾಣ 2, ಕಳ್ಳಿಪೀರ 4, ಮಿಂಚುಳ್ಳಿ 1’ ಎಂದಷ್ಟೇ ಪಟ್ಟಿ ಮಾಡತೊಡಗಿದರೆ ನಾಲ್ಕೇ ವಾರದಲ್ಲಿ ಬೇಜಾರು ಹಿಡಿಯುತ್ತದೆ. ಕಳ್ಳಿಪೀರ ಹಿಡಿದ ಜೇನುನೊಣವನ್ನು ತಂತಿಗೆ ಯಾಕೆ ಉಜ್ಜುತ್ತದೆ ಎಂಬ ಪ್ರಶ್ನೆ ಬರೆದಿಟ್ಟರೆ ಮುಂದಿನ ವಾರ ಹೋಗಲು ಕಾರಣ ಸಿಗುತ್ತದೆ. (ಮುಳ್ಳು ಮತ್ತು ವಿಷ ತೆಗೆಯಲು. ಆದರೆ ಇದನ್ನು ಅವಳಿಗೆ ನೀವು ಮೊದಲೇ ಹೇಳಬೇಡಿ.) ಮೊಬೈಲಿನ ಆ್ಯಪ್‌ಗಳೂ ಮನೆಗೆ ಬಂದ ಮೇಲೆ ಆಗಲಿ. ನೋಡುವ ಮೊದಲೇ ಹೆಸರು ಸಿಕ್ಕರೆ ನೋಡುವುದು ನಿಂತುಹೋಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಟವಂತೂ ಬೇಡ. ಎದುರಾಳಿ ಬಂದನೆಂದು ಹಕ್ಕಿ ಗೂಡು ಬಿಟ್ಟು ಬರುತ್ತದೆ.

ಮನೆಯಲ್ಲಿ ತಿಳಿದವರಿಲ್ಲ ಎಂದಿದ್ದೀರಿ. ಪಕ್ಷಿತಜ್ಞ ಸಲೀಂ ಅಲಿಯವರ ಬಾಲ್ಯವನ್ನು ನೆನೆಯಿರಿ. ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯ ಕತ್ತು ಹಳದಿಯಾಗಿತ್ತು. ಅದು ಯಾವುದೆಂದು ಕೇಳಲು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಗೆ ಹೋದ ಹುಡುಗನಿಗೆ ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಬರೀ ಹಕ್ಕಿಯ ಹೆಸರು ಹೇಳಿ ಕಳಿಸಿಬಿಡಲಿಲ್ಲ. ಸಂಗ್ರಹದ ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಾಗೆ ಬಾಗಿಲು ತೆರೆಯುವ ಒಬ್ಬ ಹಿರಿಯರು ಬೇಕು. ಬೆಂಗಳೂರಿನಲ್ಲಿ ಅದು ಕಷ್ಟವಲ್ಲ. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಹಕ್ಕಿ ನೋಡುವವರು ಸೇರುವುದು ಹಳೆಯ ರೂಢಿ. ಹೊಸಬರನ್ನು ಸೇರಿಸಿಕೊಳ್ಳುತ್ತಾರೆ. ಅವಳ ಜೊತೆ ನೀವೂ ಹೋಗಿ. ನಿಮಗೆ ಏನೂ ಗೊತ್ತಿಲ್ಲದಿರುವುದು ಒಳ್ಳೆಯದೇ, ಇಬ್ಬರೂ ಕೂಡಿ ಕಲಿಯಬಹುದು.

ಇನ್ನು ನಿಜವಾದ ಹಾರುವ ಓತಿ. ಕಾದಂಬರಿಯಲ್ಲಿ ಅದು ಯುಗಗಳ ಆಚೆಯಿಂದ ಉಳಿದುಬಂದ ದುರ್ಲಭ ಜೀವಿ. ಪಶ್ಚಿಮ ಘಟ್ಟದಲ್ಲಿ ಇಂದು ನಾವು ಕಾಣುವ ಹಾರುವ ಓತಿ ಅಷ್ಟು ಅಪರೂಪವಲ್ಲ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲೇ ಇದೆ. ಇದನ್ನು ಅವಳಿಗೆ ಹೇಳಿ, ನಿರಾಶೆಯಾಗುವುದಿಲ್ಲ. ಬಾಲ ಸೇರಿ ಒಂದು ಗೇಣಿನಷ್ಟು ಉದ್ದ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ಇಳಿಜಾರಾಗಿ ತೇಲುತ್ತದೆ. ರೆಕ್ಕೆ ಬಡಿಯುವುದಿಲ್ಲ. ಹೆಚ್ಚಾಗಿ ತಿನ್ನುವುದು ಇರುವೆ. ತೊಗಟೆಯ ಬಣ್ಣವೇ ಮೈಬಣ್ಣವಾದ್ದರಿಂದ ಕಾಂಡದ ನಡುವೆ ನೋಡಿದರೆ ಕಾಣುವುದಿಲ್ಲ. ಹತ್ತು ಹೆಜ್ಜೆ ದೂರ ನಿಂತು ಕಾಂಡದ ಎರಡು ಅಂಚುಗಳನ್ನು, ಆಳೆತ್ತರದಿಂದ ಮೇಲಕ್ಕೆ, ನಿಧಾನವಾಗಿ ನೋಡುತ್ತ ಹೋಗಬೇಕು. ಅಂಚಿನಲ್ಲಿ ಒಂದು ಗಂಟು ಕಂಡರೆ ಅಲ್ಲೇ ನಿಲ್ಲಿ. ಗಂಡಾದರೆ ಗಂಟಲ ಕೆಳಗಿನ ಹಳದಿ ಚೀಲವನ್ನು ಬೆಂಕಿಕಡ್ಡಿ ಗೀರಿದಂತೆ ಫಕ್ಕನೆ ಚಾಚಿ ಮಡಚುತ್ತದೆ. ಅದನ್ನು ಒಮ್ಮೆ ಕಂಡರೆ ಮತ್ತೆ ತಪ್ಪುವುದಿಲ್ಲ. ಬಿಸಿಲೇರಿದ ಮೇಲೆ, ಮಳೆ ಬಿಟ್ಟ ದಿನಗಳಲ್ಲಿ ಹೋಗಿ. ತೋಟದ ಯಜಮಾನರನ್ನು ಕೇಳಿಯೇ ಒಳಗೆ ಕಾಲಿಡಿ, ಕೆಲಸಕ್ಕೆ ಬಂದವರನ್ನು ಮಾತಾಡಿಸಿ. ಯಾವ ಸಾಲಿನಲ್ಲಿ ಇರುತ್ತದೆಂದು ಅವರಿಗೆ ಗೊತ್ತಿರುತ್ತದೆ, ಮಂದಣ್ಣನ ಕತೆ ಓದಿರುವ ನಿಮ್ಮ ಮಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹಿಡಿಯುವುದು, ಹಾರಿಸಿ ನೋಡಲು ಮರ ಅಲ್ಲಾಡಿಸುವುದು ಬೇಡ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬೇಡಿ. ಇದಕ್ಕೆ ಅದರ ಅಗತ್ಯವೂ ಇಲ್ಲ.

ಹುಚ್ಚು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಅದು ಸೊರಗುವುದು ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷಗಳಲ್ಲಿ. ಆಗ ವಾರದ ಆ ಎರಡು ಗಂಟೆಯನ್ನು ಅರ್ಧ ಗಂಟೆಗೆ ಇಳಿಸಿ, ನಿಲ್ಲಿಸಬೇಡಿ. ‘ಇದರಲ್ಲೇ ಮುಂದೆ ಏನಾಗುತ್ತೀಯ’ ಎಂದು ಕೇಳಲೂಬೇಡಿ. ಕನ್ನಡ ಎಂ.ಎ. ಮಾಡಿದ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಮುಂದಿನ ಓದಿಗೆ ಅವರದೇ ‘ಪರಿಸರದ ಕತೆ’ ಕೊಡಿ. ಇನ್ನೆರಡು ವರ್ಷ ಕಳೆದ ಮೇಲೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಗಿಡಗಳ ಕಡೆಗೆ ತಿರುಗಲು ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಕಾಣೆವು. ಹಕ್ಕಿ ಗುರುತಿಸುವ ಕೈಪಿಡಿ ಒಂದೇ ಇರಲಿ, ಅದು ಹರಿದುಹೋಗುವಷ್ಟು ಬಳಕೆಯಾಗಲಿ. ಒಂದೇ ಹಕ್ಕಿಗೆ ಮೈಸೂರಿನಲ್ಲೊಂದು, ಶಿರಸಿಯಲ್ಲೊಂದು ಹೆಸರಿರುವುದರಿಂದ ನೋಟ್‌ಬುಕ್ಕಿನಲ್ಲಿ ವೈಜ್ಞಾನಿಕ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ಮಲೆನಾಡಿಗೆ ಜೂನ್‌ನಿಂದ ಅಕ್ಟೋಬರ್ ನಡುವೆ ಹೋಗುವುದಾದರೆ ಉಂಬಳಕ್ಕೆ (ನೆಲದ ಜಿಗಣೆಗೆ) ತಯಾರಾಗಿ. ಒತ್ತಾಗಿ ನೇಯ್ದ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿ, ಮೇಲೆ ಹೊಗೆಸೊಪ್ಪಿನ ನೀರು ಅಥವಾ ಸುಣ್ಣ ಹಚ್ಚಬಹುದು. ಕಚ್ಚಿದ್ದನ್ನು ಜಗ್ಗಿ ಕೀಳಬಾರದು. ಬಾಯಿಯ ಬದಿಗೆ ಉಗುರು ತೂರಿಸಿ ಬಿಡಿಸಬೇಕು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಗಾಯ ಸಣ್ಣದಾದರೂ ಬಹಳ ಹೊತ್ತು ಒಸರುತ್ತದೆ. ಒತ್ತಿ ಹಿಡಿದು ಶುಭ್ರ ಬಟ್ಟೆ ಕಟ್ಟಿ, ಕೆರೆಯದಿರಲಿ. ಮೊದಲ ಪ್ರವಾಸಕ್ಕೆ ಇಷ್ಟೆಲ್ಲ ಬೇಡ ಅನ್ನಿಸಿದರೆ ಜನವರಿ ಆರಿಸಿಕೊಳ್ಳಿ.

– ಸಂ.