ಯೇಸು ಸಮಾರ್ಯದ ಸ್ತ್ರೀಯನ್ನು ನೀರು ಕೇಳಿದ ಯಾಕೋಬನ ಬಾವಿ ಈಗಲೂ ಇದೆಯೇ? ಅದರಲ್ಲಿ ನೀರಿದೆಯೇ?

ಇದೆ. ಪ್ಯಾಲೆಸ್ಟೈನ್‌ನ ಪಶ್ಚಿಮ ದಂಡೆಯ ನಾಬ್ಲುಸ್ ಊರಿನ ಅಂಚಿನಲ್ಲಿ, ಬಲಾಟಾ ನಿರಾಶ್ರಿತರ ಶಿಬಿರದ ಪಕ್ಕದಲ್ಲೇ ಇದೆ. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನೊಳಗೆ ಹೋಗಿ, ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಮೆಟ್ಟಿಲಿಳಿಯಬೇಕು. ಚರ್ಚಿನ ಮರುನಿರ್ಮಾಣ 1908ರಲ್ಲಿ ಶುರುವಾಗಿ ಮೊದಲ ಮಹಾಯುದ್ಧದಲ್ಲಿ ನಿಂತಿತು, ಮುಗಿದದ್ದು 2007ರಲ್ಲಿ.

ಬಾವಿಯ ಕತ್ತು ತೀರಾ ಇಕ್ಕಟ್ಟು, ಒಬ್ಬ ಮನುಷ್ಯ ಕೈಯೆತ್ತಿಕೊಂಡರೆ ಮಾತ್ರ ಇಳಿಯಬಹುದಾದಷ್ಟು. ಅದರ ಕೆಳಗೆ ಸುಮಾರು ಏಳೂವರೆ ಅಡಿ ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. 'ಬಾವಿ ಆಳವಾಗಿದೆ' ಎಂದು ಆ ಸಮಾರ್ಯದ ಸ್ತ್ರೀ ಹೇಳಿದ್ದು (ಯೋಹಾನ 4:11) ಬರೀ ಮಾತಲ್ಲ: 1935ರಲ್ಲಿ ಅಳೆದಾಗ ಸುಮಾರು 135 ಅಡಿ ಇತ್ತು. ಆದರೆ 1875ರಲ್ಲಿ ಸಿಕ್ಕಿದ್ದು 75 ಅಡಿ ಮಾತ್ರ. ಕಾರಣ, ಆಳ ನೋಡಲೆಂದು ಬಂದವರೆಲ್ಲ ಕಲ್ಲು ಹಾಕಿದ್ದರು, ಮೇಲಿನ ಹಾಳು ಕಟ್ಟಡದ ಮಣ್ಣುಕಲ್ಲೂ ಒಳಗೆ ಬಿದ್ದಿತ್ತು. ದಯವಿಟ್ಟು ಏನನ್ನೂ ಎಸೆಯಬೇಡಿ. ಸೇದಿದ ನೀರನ್ನೇ ಸ್ವಲ್ಪ ಮರಳಿ ಸುರಿದರೆ ಸಾಕು, ಎರಡು ಮೂರು ಸೆಕೆಂಡು ಬಿಟ್ಟು ಸದ್ದು ಕೇಳುತ್ತದೆ.

ನೀರು ಸೇದಲು ಹಗ್ಗ ಸುತ್ತುವ ಹಿಡಿಕೆ, ಸಣ್ಣ ಬಕೆಟ್ ಅಲ್ಲೇ ಇವೆ. ಯಾತ್ರಿಕರು ಕುಡಿಯುತ್ತಾರೆ. ಯೆಹೂದ್ಯರು, ಸಮಾರ್ಯರು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಯಾಕೋಬನ ಹೆಸರಿಗೆ ಜೋಡಿಸುವ ಬಾವಿ ಇದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ.