ಹೀಟಿಂಗ್ ಇಲ್ಲದ ಹಳೇ ಮನೆ, ಕೊಳ್ಳಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಬಾಡಿಗೆಗಿದ್ದೇವೆ. 1890ರ ಸುಮಾರಿಗೆ ಕಟ್ಟಿದ ಸಾಲುಮನೆಯೊಂದು ಮಾರಾಟಕ್ಕಿದೆ. ಒಂದೇ ಕಡೆ ನೀರು ಕಾಯಿಸಿ ಪೈಪಿನಲ್ಲಿ ಎಲ್ಲ ಕೋಣೆ ಬೆಚ್ಚಗಿಡುವ ಸೆಂಟ್ರಲ್ ಹೀಟಿಂಗ್ ಇಲ್ಲ, ಅದಕ್ಕೇ ಬೆಲೆ ಕಡಿಮೆ. ಕೆಳಗೆ ಒಂದು ಗ್ಯಾಸ್ ಫೈರ್, ಮೇಲೆ ಎರಡು ಹಳೇ ಸ್ಟೋರೇಜ್ ಹೀಟರ್ (ರಾತ್ರಿ ಕರೆಂಟಿನಲ್ಲಿ ಒಳಗಿನ ಇಟ್ಟಿಗೆ ಕಾಯಿಸಿ ಹಗಲು ಶಾಖ ಬಿಡುವಂಥವು), ಅಷ್ಟೇ. ಮೂರು ವರ್ಷದ ಮಗಳಿದ್ದಾಳೆ. ಕೊಳ್ಳಬಹುದೇ? ಕೊಂಡರೆ ಗ್ಯಾಸ್ ಬಾಯ್ಲರ್ ಒಳ್ಳೆಯದೋ, ಕರೆಂಟಿನಿಂದ ಹೊರಗಿನ ಶಾಖವನ್ನು ಒಳಗೆ ತರುವ ಹೀಟ್ ಪಂಪೋ?

ಉತ್ತರ: ಕೊಳ್ಳಬಹುದು. ಹೀಟಿಂಗ್ ದುಡ್ಡು ಕೊಟ್ಟರೆ ಬರುತ್ತದೆ. ನನಗೆ ಚಿಂತೆ ಇರುವುದು ಗೋಡೆಯದು.

ಮುಂದಿನ ಸಲ ಹೋದಾಗ ಒಳಗೆ ಕಾಲಿಡುವ ಮೊದಲು ಹಿಂದಿನ ಓಣಿಗೆ ಹೋಗಿ ಇಟ್ಟಿಗೆ ನೋಡಿ. ಮುಂದಿನ ಗೋಡೆಗೆ ಚೆಂದದ ಇಟ್ಟಿಗೆ ಹಾಕಿರುತ್ತಾರೆ, ನಿಜ ಗೊತ್ತಾಗುವುದು ಹಿಂದೆಯೇ. ಮೂರೋ ಐದೋ ವರಸೆ ಉದ್ದ ಮುಖ, ಆಮೇಲೆ ಒಂದು ವರಸೆ ಬರೀ ಗಿಡ್ಡ ಮುಖ ಕಂಡರೆ ಅದು ಒಂಬತ್ತು ಇಂಚಿನ ಗಟ್ಟಿ ಗೋಡೆ. ನಡುವೆ ಟೊಳ್ಳಿಲ್ಲ, ಶಾಖ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ತುಂಬಲು ಜಾಗವಿಲ್ಲ. ಆ ಕಾಲದ ಮನೆಗಳು ಬಹುತೇಕ ಹೀಗೇ.

ಇಂಥ ಗೋಡೆ ನಮ್ಮೂರ ಹಳೇ ಮನೆಯ ಸುಣ್ಣದ ಗಾರೆ ಗೋಡೆಯ ಹಾಗೆ. ಮಳೆಗೆ ನೀರು ಕುಡಿಯುತ್ತದೆ, ಆಮೇಲೆ ಒಣಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಬಹಳ ದಿನ ಸರಿಯಾಗಿ ಬೆಚ್ಚಗಾಗದ ಮನೆಯಲ್ಲಂತೂ ಇದು ಇನ್ನೂ ಜಾಸ್ತಿ. ಹಿಂದಿನ ಮಲಗುವ ಕೋಣೆಯಲ್ಲಿ, ಹೊರಗೋಡೆಗೆ ಒರಗಿಸಿದ ಬೀರುವಿನ ಹಿಂದೆ ಮೊಬೈಲ್ ಟಾರ್ಚ್ ಬಿಡಿ. ಕರಿ ಚುಕ್ಕೆ ಕಂಡರೆ ಬೂಷ್ಟು. ಆ ಒಂದೇ ಕೋಣೆಗೆ ಹೊಸ ಬಣ್ಣ ಹೊಡೆದಿದ್ದರೂ ಅನುಮಾನ ಪಡಿ. ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಷನ್ ಅವರ ಸಾಲದ ಭದ್ರತೆಗೆ. ನೀವು ಕಟ್ಟಡವನ್ನು ವಿವರವಾಗಿ ಪರೀಕ್ಷಿಸುವ ‘ಲೆವೆಲ್ 3’ ಸರ್ವೆ ಮಾಡಿಸಿ.

ಇನ್ನು ದುಡ್ಡು. ಇಂಗ್ಲೆಂಡಿನಲ್ಲಿ ಕರಾರು ಪತ್ರ ಕೈಬದಲಾಗುವ ತನಕ ನೀವು ಹೇಳಿದ ಬೆಲೆಗೆ ನೀವೂ ಕಟ್ಟುಬಿದ್ದಿಲ್ಲ, ಮಾರುವವರೂ ಬಿದ್ದಿಲ್ಲ. ಅಷ್ಟರೊಳಗೆ ಇಬ್ಬರಿಂದ ಕೊಟೇಷನ್ ತರಿಸಿ. ಬಾಯ್ಲರ್, ಕೋಣೆಯಲ್ಲಿ ಬಿಸಿನೀರು ಹಾಯುವ ರೇಡಿಯೇಟರ್ ಮಾತ್ರ ಅಲ್ಲ, ನೆಲದ ಹಲಗೆ ಎತ್ತಿ ಪೈಪ್ ಹಾಯಿಸುವುದು, ಕಿತ್ತ ಗೋಡೆ ಮುಚ್ಚುವುದು ಎಲ್ಲ ಸೇರಿರಲಿ. ‘ಬೆಲೆಯಲ್ಲೇ ಕಡಿಮೆ ಮಾಡಿದ್ದೇವಲ್ಲ’ ಅಂತ ಏಜೆಂಟ್ ಹೇಳೇ ಹೇಳುತ್ತಾರೆ. ಕೊಟೇಷನ್ ಮುಂದಿಟ್ಟು ಲೆಕ್ಕ ಕೇಳಿ.

ಬಾಯ್ಲರೋ ಪಂಪೋ? ಗ್ಯಾಸ್ ಮನೆಗೆ ಬಂದಿದೆ, ಹಾಗಾಗಿ ರೇಡಿಯೇಟರ್‌ಗೂ ನಲ್ಲಿಗೂ ಬಿಸಿನೀರು ಕೊಡುವ ಕಾಂಬಿ ಬಾಯ್ಲರ್ ಸುಲಭ. ಗ್ಯಾಸ್ ಕೆಲಸಕ್ಕೆ ಅಧಿಕೃತವಾಗಿ ನೋಂದಾಯಿತರಾದವರ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿರುವವರೇ ಹಾಕಬೇಕು. ಹೀಟ್ ಪಂಪ್‌ಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ 7,500 ಪೌಂಡ್ ಸರ್ಕಾರಿ ನೆರವಿದೆ, ಅರ್ಜಿ ಸಲ್ಲಿಸುವುದು ನೀವಲ್ಲ, ಪಂಪ್ ಕೂರಿಸುವವರೇ. ಒಂದು ಯೂನಿಟ್ ಕರೆಂಟಿಗೆ ಅದು ಹೆಚ್ಚುಕಡಿಮೆ ಮೂರು ಯೂನಿಟ್ ಶಾಖ ಕೊಡುತ್ತದೆ. ಆದರೆ ಅಲ್ಲಿ ಕರೆಂಟಿನ ದರ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಹಾಗಾಗಿ ಬಿಲ್ ದಿಢೀರ್ ಇಳಿಯುತ್ತದೆ ಅಂದುಕೊಳ್ಳಬೇಡಿ. ಜೊತೆಗೆ ಬಿಸಿನೀರಿನ ಸಿಲಿಂಡರ್‌ಗೆ ಜಾಗ ಬೇಕು. ಸಾಲುಮನೆಯಲ್ಲಿ ಅದು ಎಲ್ಲಿ ಕೂರುತ್ತದೆ, ಮೊದಲು ತೋರಿಸಿ ಅನ್ನಿ.

ನನ್ನ ಸಲಹೆ: ಯಾವುದೇ ಹಾಕಿದರೂ ರೇಡಿಯೇಟರ್ ದೊಡ್ಡವು ಹಾಕಿಸಿ, ಪಂಪ್ ಕೊಡುವ ಹಾಗೆ ನೀರು 45-50 ಡಿಗ್ರಿ ಮಾತ್ರ ಇದ್ದರೂ ಕೋಣೆ ಬೆಚ್ಚಗಾಗುವಷ್ಟು. ಈಗ ಬಾಯ್ಲರ್ ಹಾಕಿ ಹತ್ತು ವರ್ಷದ ಮೇಲೆ ಪಂಪ್‌ಗೆ ಹೋದರೂ ಮತ್ತೆ ನೆಲ ಕೀಳಬೇಕಿಲ್ಲ. ಅಟ್ಟದಲ್ಲಿ 270 ಮಿಲಿಮೀಟರ್ ಇನ್ಸುಲೇಷನ್ ಇದೆಯಾ ನೋಡಿ. ಖರ್ಚು ಕಡಿಮೆ, ಫಲ ಬೇಗ. ಪೈಪಿನ ಕೆಲಸ ಮಾತ್ರ ಸಾಮಾನು ತರುವ ಮೊದಲೇ ಮುಗಿಸಿ. ಹಲಗೆ ಎತ್ತಿದ ಮನೆಯಲ್ಲಿ ಮೂರು ವರ್ಷದ ಮಗು, ಯೋಚನೆ ಮಾಡಿ!

ನಾನು ಮಾಡಿದ ತಪ್ಪೊಂದು ಹೇಳಿಬಿಡುತ್ತೇನೆ. ಮೊದಲ ಚಳಿಗಾಲದಲ್ಲಿ ಕಾಲ ಬುಡಕ್ಕೆ ಗಾಳಿ ಬರುತ್ತದೆಂದು ಗೋಡೆಯ ಕೆಳಗಿನ ತೂತಿನ ಇಟ್ಟಿಗೆಗಳಿಗೆ ಬಟ್ಟೆ ತುರುಕಿದ್ದೆ. ಆ ಗಾಳಿ ಬೇಕಿದ್ದದ್ದು ನೆಲದ ಮರದ ತೊಲೆಗಳಿಗೆ. ಗಾಳಿಯಿಲ್ಲದೆ ಕೊಳೆತ ಎರಡು ತೊಲೆ ಬದಲಾಯಿಸಬೇಕಾಯಿತು.

ಹಳೇ ಸ್ಟೋರೇಜ್ ಹೀಟರ್‌ಗಳನ್ನು ನೀವೇ ಬಿಚ್ಚಲು ಹೋಗಬೇಡಿ. ಒಳಗಿನ ಇಟ್ಟಿಗೆಯ ಭಾರ ಒಂದು ಕಡೆ, 1970ರ ದಶಕದ ಕೆಲವಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಮಾಡೆಲ್ ನಂಬರಿನ ಫೋಟೋ ತೆಗೆದು ಸರ್ವೆಯವರಿಗೆ ಕಳಿಸಿ.