ಬೆಂಕಿ ಆರಿದ ಮೇಲೂ ಫೋನ್ ಮಾಡಬೇಕಾ?

ಓದುಗರೊಬ್ಬರ ಪತ್ರ, ಚಿಕ್ಕದಾಗಿ: "ಹೋದ ತಿಂಗಳು ರಾತ್ರಿ ನಮ್ಮ ಕಟ್ಟಡದ ಸಾಮಾನು ಕೋಣೆಗೆ ಬೆಂಕಿ ಬಿತ್ತು. ಹಳೆ ಹಾಸಿಗೆಗಳು ಹೊತ್ತಿಕೊಂಡವು. ಮೇಲೇ ಮೀಟರ್ ಬೋರ್ಡ್ ಇದೆ. ನಾವೇ ಬಕೆಟ್ ನೀರು ಹಾಕಿ ಆರಿಸಿದೆವು. ಸಂಘದ ಅಧ್ಯಕ್ಷರು, ಯಾರಿಗೂ ಹೇಳಬೇಡಿ, ಆಮೇಲೆ ತಪಾಸಣೆ ತಲೆನೋವು ಅಂದರು. ಈಗ ಹೇಗೂ ಅಗ್ನಿ ಸುರಕ್ಷತೆ ತಪಾಸಣೆಗೆ ಬರುತ್ತೇವೆ ಅಂತ ನೋಟಿಸ್ ಬಂದಿದೆ. ಬೆಂಕಿ ವಿಷಯ ಹೇಳಬೇಕಾ, ಸುಮ್ನೆ ಇರಬೇಕಾ?"

ಹೇಳಿ. ಅಧ್ಯಕ್ಷರಿಗೆ ಬೇಜಾರಾದರೂ ಹೇಳಿ.

ಮೊದಲು ಆ ರಾತ್ರಿಯ ಮಾತು. ನೀವು ಆರಿಸಿದ್ದು ಹಾಸಿಗೆ ಬೆಂಕಿ. ಹತ್ತಿ ಹಾಸಿಗೆಯ ಗುಣ ಗೊತ್ತಲ್ವಾ, ಹೊರಗೆ ನೀರು ಬಿದ್ದು ತಣ್ಣಗಾದಂತೆ ಕಂಡರೂ ಒಳಗೆ ಕೆಂಡ ಗಂಟೆಗಟ್ಟಲೆ ಕುಳಿತಿರುತ್ತದೆ, ಎಲ್ಲರೂ ಮಲಗಿದ ಮೇಲೆ ಸ್ವಲ್ಪ ಗಾಳಿ ಸಿಕ್ಕರೆ ಮತ್ತೆ ಏಳುತ್ತದೆ. ಗೋಡೆಯ ಒಳಗಿನ ವೈರು, ಮರದ ಚೌಕಟ್ಟು, ಫಾಲ್ಸ್ ಸೀಲಿಂಗ್ ಕೂಡ ಹಾಗೇ. ಆರಿದೆ ಅಂತ ನಮ್ಮ ಕಣ್ಣು ಹೇಳುತ್ತದೆ, ಅಷ್ಟೇ. ಅಗ್ನಿಶಾಮಕ ಸಿಬ್ಬಂದಿ ಬಂದರೆ ಕೆದಕಿ ನೋಡುತ್ತಾರೆ, ಅವರ ಹತ್ತಿರ ಶಾಖ ತೋರಿಸುವ ಕ್ಯಾಮೆರಾ ಇದ್ದರೆ ಗೋಡೆಯ ಹಿಂದಿನ ಬಿಸಿಯೂ ಗೊತ್ತಾಗುತ್ತದೆ. ಆರಿದ ಬೆಂಕಿಗೂ ಫೋನ್ ಮಾಡಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಸಂಗತಿ, ಬೈಯಬೇಡಿ. ಮೀಟರ್ ಬೋರ್ಡ್ ಕೆಳಗೆ ಮೇನ್ ಸ್ವಿಚ್ ಆಫ್ ಮಾಡದೆ ಬಕೆಟ್ ನೀರು ಎರಚಿದ್ದೀರಿ. ಯಾರಿಗೂ ಶಾಕ್ ಹೊಡೆಯಲಿಲ್ಲ, ಅದೃಷ್ಟ. ಎಣ್ಣೆ ಬೆಂಕಿಗೂ ನೀರು ಹಾಕಬಾರದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಕು, ಆ ಆವಿ ಉರಿಯುವ ಎಣ್ಣೆಯನ್ನು ಎತ್ತಿ ಮುಖಕ್ಕೇ ಎಸೆಯುತ್ತದೆ.

ಮುಂದಿನ ಸಲ (ಬಾರದಿರಲಿ) ಮೊದಲು ಹೊರಗೆ ಬನ್ನಿ, ಆಮೇಲೆ ಫೋನ್. ಬಾಗಿಲು ಎಳೆದುಕೊಂಡು ಬನ್ನಿ, ಹೊಗೆ ಮೆಟ್ಟಿಲಿಗೆ ಬರುವುದು ತಡವಾಗುತ್ತದೆ. ಲಿಫ್ಟ್ ಬೇಡ. ಫೋನಿನಲ್ಲಿ ಮೊದಲು ವಿಳಾಸ ಹೇಳಿ, ಕಾಲ್ ಕಟ್ ಆದರೂ ಗಾಡಿ ಹೊರಡುತ್ತದೆ. ಎಷ್ಟನೇ ಮಹಡಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ, ಗ್ಯಾಸ್ ಸಿಲಿಂಡರ್ ಇದೆಯಾ, ಇವೆಲ್ಲ ಆಮೇಲೆ. ಅವರು ಸಾಕು ಅನ್ನುವವರೆಗೆ ಫೋನ್ ಇಡಬೇಡಿ. ಒಬ್ಬರು ಗೇಟಿನ ಹತ್ತಿರ ನಿಂತು ದಾರಿ ತೋರಿಸಲಿ. ಎಲ್ಲರೂ ಬೆಂಕಿ ನೋಡುತ್ತಾ ನಿಂತಿರುತ್ತಾರೆ, ಗಾಡಿ ಮಾತ್ರ ಪಕ್ಕದ ರಸ್ತೆಯಲ್ಲಿ ಸುತ್ತುತ್ತಿರುತ್ತದೆ.

ಈಗ ವರದಿ ವಿಚಾರ. ತಿಂಗಳು ಕಳೆದಿದೆ, ಆದರೂ ಅಗ್ನಿಶಾಮಕದವರಿಗೆ ಬರೆದು ಕೊಡಿ. ದಿನ, ಹೊತ್ತು, ಮೊದಲು ಯಾರು ನೋಡಿದರು, ಉರಿ ಎಲ್ಲಿ ಕಂಡಿತು, ಏನು ಹಾಕಿ ಆರಿಸಿದಿರಿ. ಫೋಟೋ ಇದ್ದರೆ ಲಗತ್ತಿಸಿ. ಕಾರಣ ಮಾತ್ರ ನೀವೇ ತೀರ್ಮಾನ ಮಾಡಬೇಡಿ. ನಮ್ಮಲ್ಲಿ ಯಾವ ಬೆಂಕಿಗೂ "ಶಾರ್ಟ್ ಸರ್ಕ್ಯೂಟ್" ಅಂದುಬಿಡುವುದು ಒಂದು ಚಾಳಿ, ಪತ್ರಿಕೆಯವರಾದ ನಾವೂ ಎಷ್ಟೋ ಸಲ ಹಾಗೇ ಬರೆದಿದ್ದೇವೆ. ಗೋಡೆಯ ಮೇಲಿನ ಮಸಿಯ ಆಕಾರ, ಎಲ್ಲಿ ಜಾಸ್ತಿ ಸುಟ್ಟಿದೆ, ವೈರು ಹೇಗೆ ಕರಗಿದೆ, ಇವನ್ನು ನೋಡಿ ಹೇಳುವವರು ಬೇರೆ ಇದ್ದಾರೆ. ಅದಕ್ಕೇ, ಬೆಂಕಿ ಬಿದ್ದ ಜಾಗವನ್ನು ಫೋಟೋ ತೆಗೆಯದೆ ಗುಡಿಸಿ ಸುಣ್ಣ ಬಳಿಯಬಾರದು. ನೀವು ಬಳಿದಾಗಿದೆಯೋ ಏನೋ. ವಿಮೆ ಇದ್ದರೆ ಆ ಕಂಪನಿಗೂ ಈಗಲೇ ತಿಳಿಸಿ. ಮುಚ್ಚಿಟ್ಟ ಬೆಂಕಿ ನಾಳೆ ದೊಡ್ಡ ಬೆಂಕಿಯ ಕ್ಲೇಮ್ ಹೊತ್ತಿಗೆ ಹೊರಗೆ ಬಂದರೆ ಉತ್ತರ ಹೇಳುವುದು ಕಷ್ಟ.

ತಪಾಸಣೆ ಬಗ್ಗೆ ನಮ್ಮದೇ ಕಥೆ ಹೇಳುತ್ತೇನೆ. ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಹಳೆ ಸಂಚಿಕೆಗಳ ಕಟ್ಟುಗಳು ವರ್ಷಗಳಿಂದ ಇದ್ದವು. ತಪಾಸಣೆಯ ಹಿಂದಿನ ದಿನ ಎಲ್ಲರೂ ಸೇರಿ, ನಾನೂ ಸೇರಿ, ಎಲ್ಲವನ್ನೂ ಹೊತ್ತು ತಾರಸಿ ಬಾಗಿಲ ಮುಂದೆ ಒಟ್ಟಿದೆವು. ಕೆಳಗಿನ ಮೆಟ್ಟಿಲು ಥಳಥಳ. ಬಂದ ಅಧಿಕಾರಿ ಅದನ್ನು ನೋಡಲೇ ಇಲ್ಲ, ನೇರ ಮೇಲೆ ಹೋಗಿ "ಈ ಬಾಗಿಲು ತೆಗೆಯಿರಿ" ಅಂದರು. ಕಟ್ಟು ಸರಿಸಲು ಇಪ್ಪತ್ತು ನಿಮಿಷ. ಸರಿಸಿದ ಮೇಲೆ ಗೊತ್ತಾಯಿತು, ಬೀಗದ ಕೈ ರಜೆಯಲ್ಲಿದ್ದವರ ಹತ್ತಿರ. ಅವರು ಏನೂ ಬೈಯಲಿಲ್ಲ, ಸುಮ್ನೆ ಬರೆದುಕೊಂಡರು. ಬೈದಿದ್ದರೇ ವಾಸಿ ಇತ್ತು.

ಬಾಗಿಲಿನ ಮೇಲೆ ಅವರಿಗೆ ಅಷ್ಟು ಕಣ್ಣು ಯಾಕೆ? 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು, 146 ಜನ ಸತ್ತರು. 1942ರಲ್ಲಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ಬಿನಲ್ಲಿ 492 ಜನ. ಅಲ್ಲಿ ಮುಂದಿನ ತಿರುಗುಬಾಗಿಲು ಜನರ ಒತ್ತಡಕ್ಕೆ ಸಿಕ್ಕಿಹಾಕಿಕೊಂಡಿತು, ಬೇರೆ ಕೆಲವು ಬಾಗಿಲಿಗೆ ಬೀಗ, ಇನ್ನು ಕೆಲವು ಒಳಕ್ಕೆ ತೆಗೆಯುವಂಥವು. ಹಿಂದಿನಿಂದ ಜನ ನೂಕುತ್ತಿದ್ದರೆ ಒಳಕ್ಕೆ ಎಳೆಯುವ ಬಾಗಿಲು ಗೋಡೆ ಇದ್ದಹಾಗೆ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅಂತ ಅಧಿಕಾರಿ ಕೇಳಿದರೆ ಕಿರಿಕಿರಿ ಅನ್ನಿಸಬಹುದು. ಆ ಪ್ರಶ್ನೆ ಇಂಥ ಸಾವುಗಳಿಂದ ಹುಟ್ಟಿದ್ದು.

ನೀವು ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ಎಲ್ಲ ಬೀಗದ ಕೈ ಹಿಡಿದು, ಕಟ್ಟಡ ಗೊತ್ತಿರುವ ಒಬ್ಬರು ಜೊತೆಗೆ ನಡೆಯಲಿ. ಬೆಂಕಿ ತಡೆಯುವ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರೆ ಇಟ್ಟಿಗೆ ತೆಗೆಯಿರಿ, ಅದು ಮುಚ್ಚಿದ್ದರೆ ಮಾತ್ರ ಹೊಗೆ ತಡೆಯುತ್ತದೆ. ಪುಡಿ ತುಂಬಿದ ಅಗ್ನಿನಂದಕದ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಕಾರ್ಬನ್ ಡೈಆಕ್ಸೈಡಿನದಕ್ಕೆ ಮುಳ್ಳೇ ಇರುವುದಿಲ್ಲ, ತೂಕ ಮಾಡಿಸಬೇಕು. ಬೆಂಕಿ ಆರಿಸುವ ನೀರಿನ ಪಂಪು ಇದ್ದರೆ ಅವರು ಬರುವ ಮೊದಲೇ ಒಮ್ಮೆ ಓಡಿಸಿ. ಸರ್ವಿಸ್ ಚೀಟಿಗಳು ಒಂದೇ ಫೈಲಿನಲ್ಲಿರಲಿ.

ಬಂದವರ ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ಅವರು ತಪ್ಪು ತೋರಿಸಿದರೆ ವಾದಕ್ಕೆ ಇಳಿಯಬೇಡಿ, ಬರಹದಲ್ಲಿ ಕೇಳಿ: ಯಾವ ನಿಯಮ, ಏನು ಸರಿ ಮಾಡಬೇಕು, ಎಷ್ಟು ದಿನದಲ್ಲಿ. ಒಪ್ಪಿಗೆ ಇಲ್ಲದಿದ್ದರೆ ಮೇಲಿನ ಅಧಿಕಾರಿಗೆ ಬರೆಯಿರಿ. ಕೈ ಬಿಸಿ ಮಾಡಿ ಮುಗಿಸೋಣ ಅಂತ ಸಂಘದಲ್ಲಿ ಯಾರಾದರೂ ಅಂದರೆ ಅವರನ್ನು ಆ ದಿನ ಮನೆಯಲ್ಲೇ ಇರಿ ಅನ್ನಿ. ದುಡ್ಡಿಗೆ ಸಿಕ್ಕ ಸಹಿ ಹೊಗೆ ತಡೆಯುವುದಿಲ್ಲ.

ಇನ್ನು ಸಾಮಾನು ಕೋಣೆ. ಅಧಿಕಾರಿಗೆ ಅದನ್ನು ನೀವೇ ತೋರಿಸಿ, "ಇಲ್ಲಿ ಬೆಂಕಿ ಬಿದ್ದಿತ್ತು, ಏನು ಮಾಡಬೇಕು" ಅಂತ ಕೇಳಿ. ಮಸಿ ನೋಡಿ ಅವರೇ ಕೇಳುವುದಕ್ಕಿಂತ ಅದು ಮೇಲು. ಪುಕ್ಕಟೆ ಸಲಹೆಯೂ ಸಿಗುತ್ತದೆ.

ಪತ್ರದ ತುದಿಯಲ್ಲಿ ನೀವು ಬರೆದ ಇನ್ನೊಂದು ಸಾಲಿದೆ: ಬೆಂಕಿಗೆ ಸಿಗದೆ ಉಳಿದ ಪೇಂಟ್ ಡಬ್ಬಿ, ಥಿನ್ನರ್ ಎಲ್ಲ ಮತ್ತೆ ಅದೇ ಮೀಟರ್ ಬೋರ್ಡ್ ಕೆಳಗೆ ಇಟ್ಟಿದ್ದೀರಂತೆ. ತಪಾಸಣೆ ದಿನದವರೆಗೆ ಕಾಯಬೇಡಿ. ಈ ಉತ್ತರ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಅವನ್ನು ಅಲ್ಲಿಂದ ತೆಗೆಯಿರಿ.

– ಸಂ.